ಹಟ್ಟಿಯ ಹೆಡಿಗೆಯೂ ಸೊಸೈಟಿಯ ಚೀಲವೂ

ಸಾವಯವ, ರಾಸಾಯನಿಕ ಎಂಬೆರಡು ಶಬ್ದಗಳು ನಮ್ಮೂರಿನವರ ಬಾಯಿಗೆ ಬಂದದ್ದು ಬಹಳ ತಡವಾಗಿ. ನನ್ನ ಬಾಲ್ಯದಲ್ಲಿ, ಅಂದರೆ 1950ರ ದಶಕದಲ್ಲಿ, ಕುಂದಾಪುರದ ಕಡೆಯ ಬೇಸಾಯಗಾರನಿಗೆ ಗೊಬ್ಬರವೆಂದರೆ ಗೊಬ್ಬರ, ಅಷ್ಟೆ. ಅದಕ್ಕೆ ಹೆಸರುಗಳಿದ್ದವು, ಪಂಥಗಳಿರಲಿಲ್ಲ. ಹಟ್ಟಿಗೊಬ್ಬರ, ಹಸಿ ಸೊಪ್ಪು, ಬೂದಿ, ಸುಡುಮಣ್ಣು, ಅಜ್ಜನ ಕಾಲದ ಮೀನುಗೊಬ್ಬರ, ಕೊನೆಗೆ ಸೊಸೈಟಿಯ ಬಾಗಿಲಲ್ಲಿ ಚೀಲದಲ್ಲಿ ನಿಂತ ‘ಅಮೋನಿಯ’. ಅಪ್ಪಯ್ಯ ಇವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಈಗ ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತರೂ ಈ ವಿಷಯಕ್ಕೆ ವಾದ ಹತ್ತುತ್ತದೆ. ಒಬ್ಬರು ಪರಂಪರೆಯ ಪರ, ಇನ್ನೊಬ್ಬರು ಫಸಲಿನ ಪರ. ವಿಚಿತ್ರವೆಂದರೆ, ಪರಂಪರೆ ಎಂದರೆ ಸಾವಯವ, ಆಧುನಿಕತೆ ಎಂದರೆ ರಾಸಾಯನಿಕ ಎಂಬುದನ್ನು ಇಬ್ಬರೂ ಒಪ್ಪಿಕೊಂಡೇ ಜಗಳವಾಡುತ್ತಾರೆ. ನನ್ನ ತಕರಾರಿರುವುದು ಆ ಒಪ್ಪಂದದ ಮೇಲೆಯೇ. ನಮ್ಮ ಬ್ರಹ್ಮಾವರ, ಕುಂದಾಪುರ, ಬೈಂದೂರಿನ ಗದ್ದೆಗಳ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಬೇರೆಯೇ ಕತೆ ಕಾಣುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳು ‘ಮಾಷ್ಟ್ರು ಮತ್ತೆ ಪಾಠ ಶುರುಮಾಡಿದರು’ ಎಂದುಕೊಂಡರೂ ಚಿಂತೆಯಿಲ್ಲ. ಈ ಸಲ ಪರೀಕ್ಷೆಯಿಲ್ಲ.

ಮೊದಲು ಮಣ್ಣು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ನಮ್ಮ ಕರಾವಳಿಯಲ್ಲಿ ಉಡುಪಿ, ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ದಾರಿಯಾಗಿ ಉತ್ತರಕ್ಕೆ ಪ್ರಯಾಣ ಮಾಡಿದ. ಟಿಪ್ಪುವಿನ ಪತನವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನು ಬೆಳೆಯುತ್ತದೆ, ಯಾರು ಎಷ್ಟು ಗೇಣಿ ಕೊಡುತ್ತಾರೆ, ಗದ್ದೆಗೆ ಏನು ಹಾಕುತ್ತಾರೆ ಎಂದು ವಿಚಾರಿಸುತ್ತ ಹೋಗುವುದು ಅವನ ಕೆಲಸ. 1807ರಲ್ಲಿ ಅಚ್ಚಾದ ಅವನ ಗ್ರಂಥದಿಂದಲೇ ಇನ್ನೊಂದು ಶಬ್ದವೂ ಲೋಕಕ್ಕೆ ದೊರೆಯಿತು. ಮಲಬಾರಿನ ಅಂಗಾಡಿಪುರದಲ್ಲಿ, ನೆಲದಿಂದ ಕೊಡಲಿಯಲ್ಲಿ ಕಡಿದು ತೆಗೆದು ಇಟ್ಟಿಗೆಯಂತೆ ಕಟ್ಟುವ ಕೆಂಪು ಕಲ್ಲನ್ನು ಕಂಡು ಅವನು ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ಬಂದದ್ದು. ನಮ್ಮ ಮುರಕಲ್ಲು ಅದೇ. ಇಂದು ಜಗತ್ತಿನ ಎಲ್ಲ ಭೂವಿಜ್ಞಾನಿಗಳೂ ಬಳಸುವ ಆ ಪದ ಹುಟ್ಟಿದ್ದು ನಮ್ಮ ಈ ಪಶ್ಚಿಮ ಕರಾವಳಿಯಲ್ಲಿ ಎಂಬುದನ್ನು ನಾನು ಏಳನೆಯ ತರಗತಿಯಲ್ಲಿ ಪ್ರತಿವರ್ಷವೂ ತಪ್ಪದೆ ಹೇಳುತ್ತಿದ್ದೆ.

ಮುರಕಲ್ಲಿನ ಮಣ್ಣು ಎಂದರೆ ತೊಳೆದಿಟ್ಟ ಮಣ್ಣು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ, ಅದೂ ನಾಲ್ಕೇ ತಿಂಗಳಲ್ಲಿ, ಸಹಸ್ರಾರು ವರ್ಷಗಳಿಂದ ಸುಣ್ಣದ ಅಂಶವನ್ನೂ ಪೊಟ್ಯಾಷನ್ನೂ ಕರಗಿಸಿ ಸಮುದ್ರಕ್ಕೆ ಒಯ್ದಿದೆ. ಉಳಿದಿರುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಆದ್ದರಿಂದಲೇ ಕೆಂಪು, ಆದ್ದರಿಂದಲೇ ಹುಳಿ. ಈ ಕಬ್ಬಿಣಕ್ಕೆ ಒಂದು ದುರ್ಗುಣವಿದೆ: ರಂಜಕವನ್ನು ಹಾಕಿದೊಡನೆ ಹಿಡಿದು ಕಟ್ಟಿಹಾಕುತ್ತದೆ, ಬೇರಿಗೆ ಬಿಡುವುದಿಲ್ಲ. ಸೊಪ್ಪು–ಸೆಗಣಿ ಕೊಳೆತು ಆಗುವ ಕರಿಯ ಅಂಶ, ಅಂದರೆ ಹ್ಯೂಮಸ್, ಈ ಕಬ್ಬಿಣದ ಕೈಗಳನ್ನು ತಾನು ಆಕ್ರಮಿಸಿಕೊಂಡು ರಂಜಕವನ್ನು ಬಿಡಿಸಿಕೊಡುತ್ತದೆ. ಪೊಟ್ಯಾಷ್, ಅಮೋನಿಯದಂಥವು ಒಂದೇ ಮಳೆಗೆ ಜಾರಿಹೋಗದಂತೆ ಹಿಡಿದಿಡುವುದೂ ಅದೇ. ಆದರೆ ಒಂದು ಮಾತು ಮರೆಯಬಾರದು. ಬಡ ಮಣ್ಣಿನಲ್ಲಿ ಬೆಳೆದ ಸೊಪ್ಪೂ ಬಡ ಸೊಪ್ಪೇ. ನೆಲದಲ್ಲಿಯೇ ಇಲ್ಲದ ರಂಜಕ ಎಲೆಯಲ್ಲಿ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮ ಮಣ್ಣಿಗೆ ಸೊಪ್ಪೂ ಬೇಕು, ಹೊರಗಿನಿಂದ ಬಂದ ಖನಿಜಾಂಶವೂ ಬೇಕು. ಇದನ್ನು ನಮ್ಮ ಹಿರಿಯರು ರಸಾಯನಶಾಸ್ತ್ರ ಓದದೆಯೇ ತಿಳಿದಿದ್ದರು ಎಂಬುದಕ್ಕೆ ಅವರ ಹಟ್ಟಿಯೇ ಸಾಕ್ಷಿ.

ಹಟ್ಟಿಯನ್ನು ನೋಡದ ತಲೆಮಾರು ಈಗ ಬೆಳೆದಿರುವುದರಿಂದ ಸ್ವಲ್ಪ ವಿವರಿಸುತ್ತೇನೆ. ನಮ್ಮಲ್ಲಿ ದನ ಸಾಕುತ್ತಿದ್ದುದು ಮುಖ್ಯವಾಗಿ ಹಾಲಿಗೆಂದಲ್ಲ. ಆ ಗಿಡ್ಡ ದನಗಳು ಕೊಡುತ್ತಿದ್ದ ಹಾಲು ಮನೆಯ ಚಹಾಕ್ಕೂ ಸಾಲದು. ಉಳುಮೆಗೆ ಮತ್ತು ಗೊಬ್ಬರಕ್ಕೆ ಅವನ್ನು ಸಾಕುತ್ತಿದ್ದರು. ಮಳೆಗಾಲದಲ್ಲಿ ಹಾಡಿಯಿಂದ ಹಸಿ ಸೊಪ್ಪು, ಬೇಸಗೆಯಲ್ಲಿ ತರಗೆಲೆ, ದಿನವೂ ಹಟ್ಟಿಯ ನೆಲಕ್ಕೆ ಹಾಸಬೇಕು. ದನಗಳು ತುಳಿದು, ಸೆಗಣಿ–ಗಂಜಲ ಬಿದ್ದು, ಮೇಲೆ ಮತ್ತೆ ಸೊಪ್ಪು ಬಿದ್ದು, ಪದರ ಪದರವಾಗಿ ಏರುತ್ತಿತ್ತು. ಗಂಜಲದಲ್ಲಿಯೇ ಹೆಚ್ಚಿನ ಸಾರಜನಕವೂ ಪೊಟ್ಯಾಷೂ ಇರುವುದು; ಸಿಮೆಂಟಿನ ಹಟ್ಟಿಯಲ್ಲಿ ಅದು ನೀರಿನೊಂದಿಗೆ ಹರಿದು ಹೋಗುತ್ತದೆ, ಸೊಪ್ಪಿನ ಹಟ್ಟಿಯಲ್ಲಿ ಒಂದು ಹನಿಯೂ ಹೊರಗೆ ಹೋಗುವುದಿಲ್ಲ. ಕಾರ್ತಿ ಬೆಳೆಗೆ ಮುನ್ನ ಆ ಗೊಬ್ಬರವನ್ನು ಅಗೆದು, ಹೆಡಿಗೆಗಳಲ್ಲಿ ತುಂಬಿ, ಹೆಂಗಸರು ತಲೆಯ ಮೇಲೆ ಹೊತ್ತು ಗದ್ದೆಗೆ ಸಾಗಿಸುತ್ತಿದ್ದರು. ಬೈಲು ಗದ್ದೆ ತಗ್ಗಿನಲ್ಲಿದ್ದು ಮೇಲಿನಿಂದ ಇಳಿದ ಸಾರವೆಲ್ಲ ಅದಕ್ಕೆ ಬರುವುದರಿಂದ ಅಲ್ಲಿಗೆ ಕಡಿಮೆ. ಮಜಲಿಗೆ ಅದಕ್ಕಿಂತ ಹೆಚ್ಚು. ಬೆಟ್ಟುಗದ್ದೆಗೆ ಎಷ್ಟಿದ್ದರೂ ಸಾಲದು. ಈ ಹೊರುವ ಕೆಲಸವನ್ನು ನೆನೆಸಿಕೊಂಡು ಈಗ ಯಾರಾದರೂ ‘ಎಂಥ ಸುಂದರ ಕಾಲ’ ಎಂದರೆ ನನಗೆ ಸಿಟ್ಟು ಬರುತ್ತದೆ. ನನ್ನ ದೊಡ್ಡಮ್ಮನ ನೆತ್ತಿಯ ಕೂದಲು ನಲವತ್ತಕ್ಕೇ ಸವೆದಿತ್ತು.

ಹಾಡಿಯ ಸೊಪ್ಪೂ ಹಾಗೆಯೇ ಧರ್ಮಕ್ಕೆ ಸಿಗುತ್ತಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ‘ಕುಮ್ಕಿ’ ಎಂಬ ಹಕ್ಕಿತ್ತು. ಹಳೆಯ ವರ್ಗಭೂಮಿಯ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು ಕಡಿಯುವ, ತರಗೆಲೆ ಗುಡಿಸುವ, ದನ ಮೇಯಿಸುವ ಸವಲತ್ತು ವರ್ಗದಾರನಿಗೆ ಸಲ್ಲುತ್ತಿತ್ತು. ಉತ್ತರ ಕನ್ನಡದಲ್ಲಿ ಇದರ ಹತ್ತಿರದ ಬಂಧುವೇ ಸೊಪ್ಪಿನ ಬೆಟ್ಟ. ಮದರಾಸು ಸರಕಾರದ ಕಾಲದಿಂದ ಬಂದ ಈ ಸವಲತ್ತನ್ನು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಕಲಮೂ ಉಳಿಸಿಕೊಂಡಿತು. ಅಂದರೆ ಒಂದೆಕ್ರೆ ಗದ್ದೆ ಉಣ್ಣಬೇಕಾದರೆ ಅದರ ಬೆನ್ನಿಗೆ ಅದಕ್ಕಿಂತ ಹೆಚ್ಚಿನ ಹಾಡಿ ಇರಬೇಕು ಎಂಬುದು ಕಾನೂನಿಗೇ ಗೊತ್ತಿತ್ತು. ಹಾಡಿ ತನ್ನ ಆಳದ ಬೇರುಗಳಿಂದ ಎತ್ತಿದ ಖನಿಜವನ್ನು ಎಲೆಯ ಮೂಲಕ ಗದ್ದೆಗೆ ಇಳಿಸುವ ವ್ಯವಸ್ಥೆ ಅದು. ಕಾಸರಕದ ಸೊಪ್ಪನ್ನು ದನ ಮುಟ್ಟುವುದಿಲ್ಲ, ಕಹಿ. ಅದು ನೇರವಾಗಿ ಕೆಸರುಗದ್ದೆಗೆ. ಮತ್ತಿ, ನೇರಳೆ, ಹೊನ್ನೆ ಇವು ಹಟ್ಟಿಗೆ.

ಇನ್ನು ಸುಡುಮಣ್ಣು ಮತ್ತು ಬೂದಿ. ಕಸಕಡ್ಡಿ, ತರಗೆಲೆ, ಒಣ ಪೊದೆಗಳನ್ನು ರಾಶಿ ಹಾಕಿ ಮೇಲೆ ಮಣ್ಣು ಮುಚ್ಚಿ ಕಿಚ್ಚಿಟ್ಟರೆ ಮೂರು ನಾಲ್ಕು ದಿನ ಹೊಗೆಯಾಡುತ್ತ ಬೇಯುತ್ತದೆ. ತಣಿದ ಮೇಲೆ ಆ ಮಣ್ಣನ್ನು ಸೌತೆ, ಮೆಣಸು, ಮಲ್ಲಿಗೆಯ ಬುಡಕ್ಕೆ ಹಾಕುವುದು. ಅಡಿಗೆಯ ಒಲೆಯ, ಬಚ್ಚಲ ಒಲೆಯ ಬೂದಿಯನ್ನು ಮೂಲೆಯಲ್ಲಿ ಮಳೆ ತಾಗದಂತೆ ಕೂಡಿಡುತ್ತಿದ್ದರು. ಇದೆಲ್ಲ ಸಾವಯವವೇ? ವಿಜ್ಞಾನದ ಕಣ್ಣಿನಲ್ಲಿ ಬೂದಿ ಶುದ್ಧ ಖನಿಜ: ಸಾವಯವ ಅಂಶವೆಲ್ಲ ಉರಿದು ಹೋಗಿ ಪೊಟ್ಯಾಷ್, ಸುಣ್ಣ ಉಳಿದದ್ದು. ತೆಂಗಿನ ಬುಡಕ್ಕೆ ಹಾಕುತ್ತಿದ್ದ ಉಪ್ಪೂ ಖನಿಜವೇ. ಪಂಚಗಂಗಾವಳಿಯ ಅಳಿವೆಯಲ್ಲಿ ಹೆಕ್ಕಿದ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ ಗದ್ದೆಗಿಂತ ಹೆಚ್ಚಾಗಿ ಗೋಡೆಗೂ ವೀಳ್ಯಕ್ಕೂ ಹೋಗುತ್ತಿತ್ತಾದರೂ ತೋಟಕ್ಕೆ ಹೋದಷ್ಟು ಖನಿಜ ಗೊಬ್ಬರವೇ. ಸೊಪ್ಪಿನೊಂದಿಗೆ ಬೂದಿಯನ್ನು ಬೆರೆಸಿದ ನಮ್ಮ ಅಜ್ಜಂದಿರನ್ನು ಯಾವ ಪಂಥಕ್ಕೆ ಸೇರಿಸೋಣ?

ಕಡಲಿನ ಗೊಬ್ಬರದ ಕತೆ ಇನ್ನೂ ಸ್ವಾರಸ್ಯದ್ದು. ತುಳುವಿನವರು ಬೂತಾಯಿ ಎನ್ನುವ, ನಮ್ಮ ಕಡೆ ಬೈಗೆ ಎನ್ನುವ ಮೀನು ಕೆಲವು ವರ್ಷ ತಿಂದು ಮುಗಿಸಲಾಗದಷ್ಟು ಬೀಳುತ್ತಿತ್ತು. ಅದನ್ನು ಮರಳಿನ ಮೇಲೆ ಹರಡಿ ಒಣಗಿಸಿ ತೆಂಗಿಗೆ ಹಾಕುವುದು, ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಮಾರುವುದು ಹಳೆಯ ಪದ್ಧತಿ. ಅರ್ಧ ಮೀನು, ಅರ್ಧ ಮರಳು. ನಾತವಂತೂ ಮೂರು ಮೈಲಿಗೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಮೀನುಗಾರಿಕೆ ಇಲಾಖೆಯನ್ನು ಕಟ್ಟಿದ ಸರ್ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿ, ಮೀನನ್ನು ಹಂಡೆಯಲ್ಲಿ ಬೇಯಿಸಿ ಹಿಂಡಿ, ಎಣ್ಣೆಯನ್ನು ಬೇರ್ಪಡಿಸಿ, ಉಳಿದ ಹಿಂಡಿಯನ್ನು ಒಣಗಿಸಿ ‘ಗ್ವಾನೊ’ ಮಾಡುವ ಸುಲಭ ವಿಧಾನವನ್ನು ಮಲಬಾರಿನಲ್ಲಿ ಪ್ರಯೋಗಿಸಿ ತೋರಿಸಿದರು. ಅದಕ್ಕೆ ಯಂತ್ರವೂ ಬೇಡ, ದೊಡ್ಡ ಬಂಡವಾಳವೂ ಬೇಡ. ಹತ್ತು ಹನ್ನೆರಡು ವರ್ಷಗಳೊಳಗೆ ಮಲಬಾರು ಮತ್ತು ದಕ್ಷಿಣ ಕನ್ನಡದ ತೀರದಲ್ಲಿ ಇಂಥ ನೂರಾರು ಸಣ್ಣ ಕಾರ್ಖಾನೆಗಳು ಎದ್ದವು. ಸಾರಜನಕವೂ, ಮೀನಿನ ಮುಳ್ಳಿನಿಂದ ಬಂದ ರಂಜಕವೂ ಇದ್ದ ಆ ಗೊಬ್ಬರ ಹಡಗೇರಿ ಸಿಲೋನಿಗೂ ಹೋಗುತ್ತಿತ್ತು. ನಮ್ಮ ಗದ್ದೆಗಳಿಗೆ ಅತ್ಯಂತ ಕೊರತೆಯಿದ್ದ ರಂಜಕ ನಮ್ಮ ಕಡಲಿನಿಂದಲೇ ಎದ್ದು ಪರದೇಶದ ತೋಟಗಳಿಗೆ ಹೋಯಿತು ಎಂಬುದನ್ನು ಓದಿದಾಗ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ. 1940ರ ದಶಕದಲ್ಲಿ ಬೈಗೆ ಮೀನು ಬಹುಮಟ್ಟಿಗೆ ಕಾಣೆಯಾಯಿತು. ಆಮೇಲೆ ಮೀನು ಮರಳಿತು, ಗದ್ದೆಗೆ ಮರಳಲಿಲ್ಲ. ಈಗ ಕರಾವಳಿಯ ಮೀನುಹುಡಿ ಕಾರ್ಖಾನೆಗಳ ಮೂಲಕ ಸಾಕುಮೀನು, ಸಿಗಡಿಗಳ ಹೊಟ್ಟೆ ಸೇರುತ್ತದೆ.

ಚೀಲದ ಗೊಬ್ಬರದ ಪೂರ್ವಕತೆಯನ್ನು ಬೇಗ ಮುಗಿಸುತ್ತೇನೆ, ಅದು ಎಲ್ಲ ಪುಸ್ತಕಗಳಲ್ಲಿಯೂ ಇದೆ. 1840ರಲ್ಲಿ ಜರ್ಮನಿಯ ಲೀಬಿಗ್ ಸಸ್ಯಕ್ಕೆ ಬೇಕಾದದ್ದು ಖನಿಜಾಂಶ ಎಂದು ಸಾರಿದ. 1842ರಲ್ಲಿ ಇಂಗ್ಲೆಂಡಿನ ಲಾಸ್ ಸೂಪರ್ ಫಾಸ್ಫೇಟಿಗೆ ಪೇಟೆಂಟ್ ಪಡೆದ. 1913ರಲ್ಲಿ ಹೇಬರ್ ಮತ್ತು ಬಾಶ್ ಅವರ ವಿಧಾನದಿಂದ ಗಾಳಿಯ ಸಾರಜನಕ ಜರ್ಮನಿಯ ಕಾರ್ಖಾನೆಯಲ್ಲಿ ಅಮೋನಿಯವಾಯಿತು. ನಮ್ಮ ದೇಶದಲ್ಲಿ ಮೈಸೂರಿನ ಬೆಳಗೊಳ, ಕೇರಳದ ಆಲುವಾ, ಆಗಿನ ಬಿಹಾರದ ಸಿಂದ್ರಿ ಇವು ಮೊದಲ ಸಾಲಿನ ಸಾರಜನಕ ಗೊಬ್ಬರದ ಕಾರ್ಖಾನೆಗಳು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿನ ಅಕ್ಕಿ ನಿಂತಾಗ ಭಾರತಕ್ಕೆ ಎಚ್ಚರವಾಯಿತು. ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿ ಆಗಿನದು.

ಇಲ್ಲಿಯವರೆಗಿನದು ಕೇಳಿದ್ದು, ಓದಿದ್ದು. ಇನ್ನು ಮುಂದಿನದರಲ್ಲಿ ನಾನು ಕಂಡದ್ದೂ ಸೇರಿದೆ. 1953ರಲ್ಲಿ ದೇಶದಾದ್ಯಂತ ‘ಜಪಾನಿ ಪದ್ಧತಿಯ ಭತ್ತದ ಬೇಸಾಯ’ದ ಪ್ರಚಾರ ಆರಂಭವಾಯಿತು. ಹತ್ತು ವರ್ಷ ಹಿಂದೆ ನಮ್ಮ ಅಕ್ಕಿ ತಪ್ಪಿಸಿದ ಜಪಾನೇ ಈಗ ಅಕ್ಕಿ ಬೆಳೆಯಲು ಕಲಿಸುವ ಗುರುವಾದದ್ದು ಚರಿತ್ರೆಯ ತಮಾಷೆ. ಏರುಮಡಿಯಲ್ಲಿ ಸಸಿ ಬೆಳೆಸುವುದು, ಕಡಿಮೆ ಬೀಜ, ಸಾಲು ನಾಟಿ, ನಡುವೆ ಕಳೆ ಕೀಳುವುದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕಾಂಪೋಸ್ಟಿನೊಂದಿಗೆ ಅಮೋನಿಯಂ ಸಲ್ಫೇಟ್, ಸೂಪರ್ ಫಾಸ್ಫೇಟುಗಳನ್ನು ಜೋಡಿಸಿ ಕೊಡುವುದು. ಗಮನಿಸಿ: ಸರಕಾರದ ದೊಡ್ಡ ಪ್ರಚಾರವೊಂದರ ಮೂಲಕ ಚೀಲದ ಗೊಬ್ಬರ ನಮ್ಮ ಗದ್ದೆಯಂಚಿಗೆ ಬಂದಾಗ ಅದು ಒಬ್ಬಂಟಿಯಾಗಿ ಬರಲಿಲ್ಲ, ಕಾಂಪೋಸ್ಟಿನ ಕೈಹಿಡಿದೇ ಬಂತು. ಗ್ರಾಮಸೇವಕರು ಗುಂಡಿ ತೋಡಿಸುವುದನ್ನೂ, ಅಂಚಿನ ಮೇಲೆ ಗೊಬ್ಬರದ ಸೊಪ್ಪಿನ ಗಿಡ—ಗ್ಲಿರಿಸಿಡಿಯಾ—ನೆಡಿಸುವುದನ್ನೂ ಅಮೋನಿಯದಷ್ಟೇ ಉತ್ಸಾಹದಿಂದ ಮಾಡುತ್ತಿದ್ದರು.

ಮೊದಲ ಚೀಲ ಬಿಚ್ಚಿದಾಗ ದೊಡ್ಡಮ್ಮ ಒಂದು ಚಿಟಿಕೆ ತೆಗೆದು ನೋಡಿ, “ಇದೆಂತ ಗೊಬ್ರ? ಉಪ್ಪ್ ಇದ್ದಂಗ್ ಇತ್ತಲೆ!” ಎಂದದ್ದು ನಮ್ಮ ಮನೆಯ ಗಾದೆಯಾಗಿ ಉಳಿದಿದೆ. ಅಪ್ಪಯ್ಯನಿಗೆ ಅದರ ಬೆಲೆಯದೇ ಚಿಂತೆ. ಅಷ್ಟು ದುಡ್ಡಿನ ವಸ್ತುವನ್ನು ಹಾಗೆಯೇ ನೀರಿಗೆ ಎರಚಲು ಕೈ ಬಾರದೆ, ಹಿಂದಿನ ದಿನ ಸಂಜೆ ಅದನ್ನು ಹಳೆಯ ಹಟ್ಟಿಗೊಬ್ಬರದ ಹುಡಿಯೊಂದಿಗೆ ಕಲಸಿ ಮೂಲೆಯಲ್ಲಿ ರಾಶಿ ಹಾಕಿ ಗೋಣಿ ಮುಚ್ಚಿಟ್ಟು, ಮರುದಿನ ಗದ್ದೆಯ ನೀರು ಇಳಿಸಿ ಎರಚುತ್ತಿದ್ದರು. ಜಿಪುಣತನವೆಂದು ನಾವು ನಗುತ್ತಿದ್ದೆವು. ಎಷ್ಟೋ ವರ್ಷಗಳ ಮೇಲೆ, ಯೂರಿಯವನ್ನು ತೇವದ ಮಣ್ಣಿನೊಂದಿಗೆ ಬೆರೆಸಿ ಒಂದೆರಡು ದಿನ ಇಟ್ಟು ಹಾಕಬೇಕು, ಆಗ ನಷ್ಟ ಕಡಿಮೆ ಎಂಬ ಸಲಹೆಯನ್ನು ಕೃಷಿ ಪುಸ್ತಿಕೆಯೊಂದರಲ್ಲಿ ಓದಿದೆ. ಹುಡಿಯ ತೇವದಲ್ಲಿ ಅಮೋನಿಯ ಕಣಗಳಿಗೆ ಅಂಟಿಕೊಳ್ಳುವುದರಿಂದ ನೀರಿನೊಂದಿಗೆ ಸುಲಭವಾಗಿ ಹರಿದುಹೋಗುವುದಿಲ್ಲ. ಅಪ್ಪಯ್ಯನ ಜಿಪುಣತನ ವಿಜ್ಞಾನವೇ ಆಗಿತ್ತು.

ಹಾಗಾದರೆ ಈ ಜೋಡಿ ಮುರಿದದ್ದು ಯಾವಾಗ? ಯೂರಿಯ ಬಂದು ಹಟ್ಟಿಯನ್ನು ಓಡಿಸಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. 1960ರ ದಶಕದ ಉತ್ತರಾರ್ಧದಲ್ಲಿ ತೈಚುಂಗ್, ಐಆರ್-8, ಆಮೇಲೆ ಜಯಾ ಬಂದವು. ಮಣಿಪಾಲದ ಸಿಂಡಿಕೇಟ್ ಬ್ಯಾಂಕು ಬೇರೆಯವರು ಯೋಚಿಸುವ ಮುಂಚೆಯೇ ರೈತರಿಗೆ ಸಾಲ ಕೊಡಲು ಮುಂದಾಗಿತ್ತು. ಪಂಪು, ಬೀಜ, ಗೊಬ್ಬರಕ್ಕೆ ಹಣ ಸಿಕ್ಕಿತು. 1976ರಲ್ಲಿ ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ಉತ್ಪಾದನೆ ಆರಂಭಿಸಿ, ‘ಮಂಗಳ’ ಯೂರಿಯ ನೂರು ಕಿಲೋಮೀಟರಿನೊಳಗೇ ತಯಾರಾಗತೊಡಗಿತು. ಈ ಗಿಡ್ಡ ತಳಿಗಳು ಮಲಗದೆ ನಿಂತು ಯೂರಿಯವನ್ನು ಕಾಳಾಗಿಸಿದವು. ಅದು ನಿಜವಾದ ಉಪಕಾರ. ರೇಶನ್ ಅಂಗಡಿಯ ಗೋಧಿಯನ್ನು ಗಂಜಿ ಮಾಡಿ ಕುಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಗಿಡ್ಡ ತಳಿಯ ಹುಲ್ಲೂ ಗಿಡ್ಡವೇ. ಹುಲ್ಲು ಕಡಿಮೆಯಾದರೆ ದನಕ್ಕೆ ಮೇವು ಕಡಿಮೆ, ದನ ಕಡಿಮೆಯಾದರೆ ಗೊಬ್ಬರ ಕಡಿಮೆ. ಈ ಲೆಕ್ಕವನ್ನು ಆಗ ಯಾರೂ ಮಾಡಲಿಲ್ಲ.

ಗೇಣಿಯ ವಿಷಯವನ್ನೂ ಹೇಳಲೇಬೇಕು. ಚಾಲಗೇಣಿಯ ಒಕ್ಕಲನ್ನು ಧಣಿಗಳು ಯಾವಾಗ ಬೇಕಾದರೂ ಎಬ್ಬಿಸಬಹುದಾಗಿತ್ತು. ಹಟ್ಟಿಗೊಬ್ಬರದ ಫಲ ಮೂರು ನಾಲ್ಕು ವರ್ಷ ನಿಧಾನವಾಗಿ ಬರುವಂಥದು. ಮುಂದಿನ ವರ್ಷ ಗದ್ದೆ ತನ್ನದೇ ಎಂಬ ಖಾತ್ರಿಯಿಲ್ಲದವನು ಅದನ್ನು ಎಷ್ಟು ಹೊತ್ತಾನು? ಅದೇ ಅಮೋನಿಯ ಹಾಕಿದ ತಿಂಗಳಿಗೇ ಕಾಣುತ್ತದೆ, ಅದೇ ಕೊಯ್ಲಿಗೆ ಗೇಣಿ ಅಕ್ಕಿಯ ಮುಡಿ ಕಟ್ಟಿಸುತ್ತದೆ. 1974ರ ಭೂಸುಧಾರಣಾ ಕಾಯಿದೆಯಿಂದ ‘ಡಿಕ್ಲರೇಶ್ನ್’ ಕೊಟ್ಟ ಒಕ್ಕಲುಗಳು ಒಡೆಯರಾದರು, ನಮ್ಮ ಮನೆಯೂ ಸೇರಿ. ನ್ಯಾಯವಾಗಿ ಈಗ ಮಣ್ಣಿಗೆ ದೀರ್ಘಕಾಲದ ಆರೈಕೆ ಸಿಗಬೇಕಿತ್ತು. ಆದರೆ ಅಷ್ಟರಲ್ಲಿ ಒಡೆಯರಾದವರ ಮಕ್ಕಳು ಮುಂಬಯಿ, ಬೆಂಗಳೂರಿನ ಹೋಟೆಲುಗಳಿಗೂ, ನನ್ನಂಥವರು ಶಾಲೆಗಳಿಗೂ ಹೊರಟಿದ್ದೆವು. ಹೆಡಿಗೆ ಹೊರುವವರಿರಲಿಲ್ಲ. ಕುಮ್ಕಿ ಜಾಗಗಳಲ್ಲಿ ಮನೆ, ಗೇರುತೋಟಗಳೆದ್ದವು. ಗುಡ್ಡಗಳಿಗೆ ಅಕೇಶಿಯಾ ಬಂತು, ಅದರ ಎಲೆಯನ್ನು ದನವೂ ತಿನ್ನದು, ಗೆದ್ದಲೂ ಅವಸರ ಮಾಡದು. ಟಿಲ್ಲರ್ ಬಂದ ಮೇಲೆ ಕೋಣಗಳು ಹೋದವು. ಅಡಿಗೆಮನೆಗೆ ಗ್ಯಾಸ್ ಬಂತು, ಗದ್ದೆಗೆ ಬೂದಿ ನಿಂತಿತು. ಹೀಗೆ ಒಂದೊಂದಾಗಿ ಸೊಪ್ಪು, ಸೆಗಣಿ, ಬೂದಿ ಬಿದ್ದುಹೋದಾಗ ಉಳಿದದ್ದು ಚೀಲ ಮಾತ್ರ. ಆ ಚೀಲಗಳಲ್ಲಿಯೂ 2010ರಿಂದ ಸಹಾಯಧನದ ನಿಯಮ ಬದಲಾಗಿ ರಂಜಕ, ಪೊಟ್ಯಾಷ್ ದುಬಾರಿಯಾದವು, ಯೂರಿಯ ಮಾತ್ರ ಹಳೆಯ ಅಗ್ಗದ ದರದಲ್ಲಿ ಉಳಿಯಿತು. ನಾಲ್ವರು ಹೊರುತ್ತಿದ್ದ ಪಲ್ಲಕ್ಕಿಗೆ ಒಬ್ಬನೇ ಹೆಗಲು ಕೊಟ್ಟಂತಾಯಿತು.

ಒಬ್ಬನೇ ಹೊತ್ತರೆ ಏನಾಗುತ್ತದೆ ಎಂಬುದಕ್ಕೆ ಪ್ರಯೋಗಗಳ ಸಾಕ್ಷ್ಯವಿದೆ. ಇಂಗ್ಲೆಂಡಿನ ರಾತಮ್‌ಸ್ಟೆಡ್‌ನಲ್ಲಿ 1843ರಿಂದ ಇಂದಿನವರೆಗೆ ಒಂದೇ ಹೊಲದಲ್ಲಿ ಗೋಧಿ ಬೆಳೆಯುತ್ತ ಬಂದಿದ್ದಾರೆ. ಒಂದು ತಾಕಿಗೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ಖನಿಜ ಗೊಬ್ಬರ. ನೂರು ವರ್ಷ ಎರಡೂ ಹೆಚ್ಚು ಕಡಿಮೆ ಸರಿಸಮ. ಆದರೆ ಹೆಚ್ಚು ಇಳುವರಿಯ ಹೊಸ ತಳಿಗಳು ಬಂದ ಮೇಲೆ ಅತಿ ಹೆಚ್ಚು ಫಸಲು ಬಂದದ್ದು ಕೊಟ್ಟಿಗೆ ಗೊಬ್ಬರದ ಜತೆಗೆ ಸಾರಜನಕವನ್ನೂ ಕೊಟ್ಟ ತಾಕಿನಲ್ಲಿ. ನಮ್ಮ ಭಾರತೀಯ ಕೃಷಿ ಸಂಶೋಧನಾ ಪರಿಷತ್ತೂ 1970ರಲ್ಲಿ ಇಂಥ ದೀರ್ಘಕಾಲೀನ ಪ್ರಯೋಗಗಳನ್ನು ಆರಂಭಿಸಿತು. ಹಿಮಾಚಲದ ಪಾಲಂಪುರದ ಹುಳಿ ಮಣ್ಣಿನಲ್ಲಿ ಸಾರಜನಕ ಮಾತ್ರ ಕೊಟ್ಟ ತಾಕು ಕೆಲವು ವರ್ಷಗಳಲ್ಲಿ ಬರಡಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆಂಪು ಮಣ್ಣಿನಲ್ಲಿ 1978ರಿಂದ ನಡೆದ ರಾಗಿಯ ಪ್ರಯೋಗದಲ್ಲಿ ಹೆಕ್ಟೇರಿಗೆ ಹತ್ತು ಟನ್ ಕೊಟ್ಟಿಗೆ ಗೊಬ್ಬರ ಮತ್ತು ಶಿಫಾರಸಿನ ಖನಿಜ ಗೊಬ್ಬರ ಎರಡನ್ನೂ ಪಡೆದ ತಾಕು ಮೇಲುಗೈ ಸಾಧಿಸಿತು. ನಮ್ಮದು ಇವೆರಡಕ್ಕಿಂತಲೂ ಹೆಚ್ಚು ತೊಳೆದುಹೋದ ಮಣ್ಣು.

ಇಷ್ಟೆಲ್ಲ ಬರೆಯಲು ಕಾರಣ ನನ್ನ ಇಬ್ಬರು ಆಪ್ತರು. ಬ್ರಹ್ಮಾವರದ ಸಮೀಪ ಗದ್ದೆಯಿರುವ ನನ್ನ ಸೋದರಳಿಯ ಯೂರಿಯದ ಭಕ್ತ. ಅವನ ಪೈರು ಕಪ್ಪು ಹಸಿರಾಗಿ ಸೊಕ್ಕಿ ಬೆಳೆದು ಗಾಳಿಮಳೆಗೆ ಮಲಗುತ್ತದೆ, ಜಿಗಿಹುಳ ಬೀಳುತ್ತದೆ. “ಮಾವ, ಹಟ್ಟಿ ಎಲ್ಲಿಂದ ತರಲಿ?” ಎನ್ನುತ್ತಾನೆ. ಪ್ರಶ್ನೆ ಸುಳ್ಳಲ್ಲ. ಇನ್ನೊಬ್ಬ ಬೈಂದೂರಿನ ಕಡೆಯವನು, ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಹದಿನೈದು ವರ್ಷ ಹಡಿಲು ಬಿದ್ದಿದ್ದ ಎರಡೆಕ್ರೆ ಗದ್ದೆಯನ್ನು ಎಬ್ಬಿಸಿದ. ಚೀಲ ಮುಟ್ಟುವುದಿಲ್ಲವೆಂದು ಪಣ. ಬ್ರಹ್ಮಾವರದ ಬಳಿಯ ಚೇರ್ಕಾಡಿ ರಾಮಚಂದ್ರ ರಾಯರು ರಾಸಾಯನಿಕವಿಲ್ಲದೆ ಭತ್ತ ಬೆಳೆದು ಹೆಸರಾದುದನ್ನು ಓದಿದ್ದ. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟಿನವರು ಹಡಿಲು ಭೂಮಿಯಲ್ಲಿ ಸಾವಯವ ಕ್ರಮದಿಂದ ಭತ್ತ ಬೆಳೆಸಿದ್ದನ್ನೂ ಕಂಡಿದ್ದ. ಆದರೆ ಅವನಲ್ಲಿದ್ದುದು ಒಂದೇ ಹಸು. ಎರಡು ವರ್ಷ ಪೈರು ಹಳದಿಯಾಗಿ, ಕೊಯ್ಲಿನ ಕೂಲಿಯೂ ಹುಟ್ಟಲಿಲ್ಲ. ಮತ್ತೆ ಹಡಿಲು ಬಿಟ್ಟು ಬೆಂಗಳೂರಿಗೆ ಹೋಗುವ ಯೋಚನೆ ಮಾಡುತ್ತಿದ್ದ. ಒಬ್ಬ ಹುಡುಗ ಮರಳಿ ಬರುವುದೇ ಅಪರೂಪವಾಗಿರುವಾಗ ಅವನು ಒಂದು ಶಬ್ದದ ಹಠಕ್ಕಾಗಿ ಹಿಂದಿರುಗಿ ಹೋದರೆ ನನಗೆ ಸಹಿಸಲಾಗುತ್ತಿರಲಿಲ್ಲ.

ಅವನೊಂದಿಗೆ ಕುಳಿತು ಲೆಕ್ಕ ಹಾಕಿದೆ. ಎಕ್ರೆಗೆ ಹದಿನಾರು ಕ್ವಿಂಟಲ್ ಭತ್ತ ಬರಬೇಕಾದರೆ ಪೈರು ಮಣ್ಣಿನಿಂದ ಇಪ್ಪತ್ತೈದು, ಮೂವತ್ತು ಕಿಲೋ ಸಾರಜನಕ ಎತ್ತುತ್ತದೆ. ಒಳ್ಳೆಯ ಹಟ್ಟಿಗೊಬ್ಬರದ ಟನ್ನಿಗೆ ಸುಮಾರು ಐದು ಕಿಲೋ ಸಾರಜನಕ, ಅದರಲ್ಲಿಯೂ ಮೊದಲ ವರ್ಷ ಸಿಗುವುದು ಅರ್ಧಕ್ಕಿಂತ ಕಡಿಮೆ. ನಲವತ್ತೈದು ಕಿಲೋದ ಯೂರಿಯ ಚೀಲವೊಂದರಲ್ಲಿ ಇಪ್ಪತ್ತು ಕಿಲೋಗಿಂತ ತುಸು ಹೆಚ್ಚು. ಹತ್ತು ಟನ್ ಹೊರುವ ದೊಡ್ಡಮ್ಮಂದಿರು ಈಗಿಲ್ಲ, ಇರಲೂ ಬಾರದು. ಶ್ರೀಲಂಕಾ 2021ರ ಮಧ್ಯದಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿ, ನವೆಂಬರಿನಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡರೂ ಭತ್ತದ ಬೆಳೆ ಕುಸಿದದ್ದೂ ಮಾತಿಗೆ ಬಂತು. ಅವನು ಬಹಳ ಹೊತ್ತು ಸುಮ್ಮನಿದ್ದು, “ಮಾಷ್ಟ್ರೇ, ಹಾಗಾರೆ ನಾನ್ ಸೋತ ಹಾಗೆಯಾ?” ಎಂದ. ಅಪ್ಪಯ್ಯನ ಗೋಣಿ ಮುಚ್ಚಿದ ರಾಶಿಯ ಕತೆಯನ್ನು ಆಗಲೇ ಹೇಳಿದ್ದು.

ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಂಡೊಯ್ದು ಪರೀಕ್ಷೆ ಮಾಡಿಸಿದ. ರಸಸಾರ ಐದರ ಆಸುಪಾಸು, ಅಂದರೆ ಚೆನ್ನಾಗಿ ಹುಳಿ. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಕುರಿಗೊಬ್ಬರವನ್ನು ನೆರೆಯವನೊಂದಿಗೆ ಪಾಲಿಗೆ ತರಿಸಿ, ಅದಕ್ಕೆ ಶಿಲಾರಂಜಕವನ್ನು ಬೆರೆಸಿ ಮಳೆಗೆ ಮುನ್ನ ಒಂದು ತಿಂಗಳು ಮುಚ್ಚಿಟ್ಟ. ಶಿಲಾರಂಜಕ ಕರಗಲು ಹುಳಿಯೇ ಬೇಕು. ಬೇರೆಡೆ ದೋಷವೆನಿಸುವ ಹುಳಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಆ ಗದ್ದೆಗೆ ಸುಣ್ಣ ಬೇಡವೆಂದೂ, ಸುಣ್ಣವನ್ನು ಬೇಸಗೆಯ ನೆಲಗಡಲೆಯ ಮರಳುಗದ್ದೆಗೆ ಇಟ್ಟುಕೊಳ್ಳಬೇಕೆಂದೂ ತೀರ್ಮಾನಿಸಿದೆವು. ಯೂರಿಯ ಮೊದಲಿನವರು ಹಾಕುತ್ತಿದ್ದುದರ ಅರ್ಧ, ಅದೂ ಎರಡು ಕಂತಿನಲ್ಲಿ, ತೇವದ ಹುಡಿಮಣ್ಣಿನೊಂದಿಗೆ ಕಲಸಿ. ಪೊಟ್ಯಾಷ್ ಸ್ವಲ್ಪ. ಕಾರ್ತಿಯ ನಂತರದ ಗದ್ದೆಯಲ್ಲಿ ಉದ್ದು ಬಿತ್ತಿ ಅದರ ಬಳ್ಳಿಯನ್ನು ಅಲ್ಲಿಯೇ ಉಳುವುದು. ಸೋದರಳಿಯನೂ ಇದನ್ನೆಲ್ಲ ಕೇಳಿ, ಕುರಿಗೊಬ್ಬರದ ಲಾರಿಯವನ ನಂಬರು ಬರೆದುಕೊಂಡು ಹೋದ. ತರಿಸಿದನೋ ಇಲ್ಲವೋ ಇನ್ನೂ ಹೇಳಿಲ್ಲ.

ಕಳೆದ ವಾರ ಬೈಂದೂರಿಗೆ ಹೋಗಿದ್ದೆ. ಎಂಓ-4 ಭತ್ತ ಹೊಡೆ ಒಡೆಯುವ ಹಂತದಲ್ಲಿತ್ತು. ಸೊಕ್ಕಿದ ಕಪ್ಪಲ್ಲ, ಹಿಂದಿನ ವರ್ಷದ ಹಳದಿಯೂ ಅಲ್ಲ. ಗದ್ದೆಯ ಅಂಚಿನುದ್ದಕ್ಕೂ ಗ್ಲಿರಿಸಿಡಿಯಾದ ಗೂಟಗಳನ್ನು ಊರಿದ್ದಾನೆ. ನೆರೆಮನೆಯ ದನ ಎರಡನ್ನು ತಿಂದು ಮುಗಿಸಿದೆ, ಉಳಿದವು ಚಿಗುರಿವೆ.